ಕಾಯೋಕೂ ತಾಕತ್ತು ಬೇಕು

ಚಿಂತಾಮಣಿ ಪಕ್ಕದ ಅಂಬಾಜಿದುರ್ಗ ನೋಡಿದ್ದೀರಾ? ಸಮುದ್ರಮಟ್ಟದಿಂದ 4,300 ಅಡಿಗೂ ಮೇಲಿರುವ ಬಂಡೆಗಲ್ಲಿನ ಬೆಟ್ಟ. ಟಿಪ್ಪು ಕಾಲದಲ್ಲಿ ಕೋಟೆ ಕಟ್ಟಿದ ಜಾಗ. ಕೈಲಾಸಗಿರಿ ಕಡೆ ಬಂಡೆಯನ್ನೇ ಕೊರೆದು ಗುಹಾಲಯ ಮಾಡಿದ್ದಾರೆ. ಭಾನುವಾರ ಬಂತು ಅಂದ್ರೆ ಬೆಂಗಳೂರಿನ ಬೈಕುಗಳು ಸಾಲಾಗಿ ಬಂದು ನಿಲ್ಲುತ್ತವೆ, ಸೆಲ್ಫಿ ಆಗುತ್ತೆ, ವಾಪಸ್ ಹೋಗುತ್ತವೆ.

ನಾನು ಹೇಳೋಕೆ ಹೊರಟಿರೋದು ಬೆಟ್ಟದ ಕಥೆಯನ್ನಲ್ಲ, ಕೆಳಗಿನ ತೋಟದ ಕಥೆಯನ್ನ. ಇಲ್ಲಿಂದ ಶಿಡ್ಲಘಟ್ಟ ದಾಟಿ ಚಿಕ್ಕಬಳ್ಳಾಪುರದ ಕಡೆ ಹೋಗಿ. ಹಿಪ್ಪುನೇರಳೆ, ಟೊಮೆಟೊ, ಅದರ ಮಧ್ಯೆ ಕಲ್ಲುಕಂಬ ನೆಟ್ಟು ಕಟ್ಟಿದ ದ್ರಾಕ್ಷಿ ಚಪ್ಪರಗಳು. ಬೆಂಗಳೂರು ಬ್ಲೂ, ದಿಲ್‌ಖುಷ್, ಶರದ್. ಇಲ್ಲಿ ಕಿತ್ತ ದ್ರಾಕ್ಷಿ ಇವತ್ತು ಸಂಜೆಯೊಳಗೆ ಲಾರಿ ಹತ್ತಬೇಕು. ನಾಳೆ ಅಂದ್ರೆ ರೇಟು ಇಳಿಯುತ್ತೆ, ನಾಡಿದ್ದು ಅಂದ್ರೆ ಕೇಳೋರಿಲ್ಲ. ಅದೇ ದ್ರಾಕ್ಷಿ ಕುಲದ ಇನ್ನೊಂದು ಹಣ್ಣು, ಹೆಸರು ಕ್ಯಾಬರ್ನೆ ಸೋವಿನ್ಯೋನ್, ಬಾಟಲಿಗೆ ಇಳಿದ ಮೇಲೆ ಹತ್ತು ವರ್ಷ, ಇಪ್ಪತ್ತು ವರ್ಷ ಸುಮ್ಮನೆ ಮಲಗುತ್ತೆ. ಮಲಗಿದಷ್ಟೂ ಅದರ ಬೆಲೆ ಏರುತ್ತೆ. ಒಂದು ಹಣ್ಣಿಗೆ ಟೈಮ್ ಅಂದ್ರೆ ಶತ್ರು, ಇನ್ನೊಂದಕ್ಕೆ ಟೈಮ್ ಅಂದ್ರೆ ಬಂಡವಾಳ. ಇದು ಹೇಗೆ?

ಇದು ಕುಡಿಯಿರಿ ಅಂತ ಹೇಳೋ ಪ್ರೋಗ್ರಾಂ ಅಲ್ಲ, ಮೊದಲೇ ಹೇಳಿಬಿಡ್ತೀನಿ. ಇದು ಕಾಯುವುದರ ಕಥೆ.

ಕಥೆಯ ಒಂದು ತುದಿ ಪ್ಯಾರಿಸ್‌ನಲ್ಲಿದೆ. ಅವತ್ತು 1976ರ ಮೇ 24. ಪ್ಯಾರಿಸ್‌ನಲ್ಲಿ ವೈನ್ ಅಂಗಡಿ ಇಟ್ಟುಕೊಂಡಿದ್ದ ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ಯುವಕ ಒಂದು ಪಂದ್ಯ ಇಟ್ಟ. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ ಘಟಾನುಘಟಿ ಕೆಂಪು ವೈನ್‌ಗಳು ಒಂದು ಕಡೆ, ಕ್ಯಾಲಿಫೋರ್ನಿಯಾದಲ್ಲಿ ಅದೇ ಕ್ಯಾಬರ್ನೆ ದ್ರಾಕ್ಷಿಯಿಂದ ಮಾಡಿದ ವೈನ್‌ಗಳು ಇನ್ನೊಂದು ಕಡೆ. ಬಾಟಲಿಯ ಹೆಸರು ಮುಚ್ಚಿಟ್ಟು ರುಚಿ ನೋಡಬೇಕು. ತೀರ್ಪುಗಾರರು ಫ್ರಾನ್ಸಿನ ಮಹಾಮಹಿಮರೇ. ಸ್ಥಳದಲ್ಲಿದ್ದ ಪತ್ರಕರ್ತ ಒಬ್ಬನೇ, ಟೈಮ್ ಪತ್ರಿಕೆಯ ಜಾರ್ಜ್ ಟೇಬರ್. ಉಳಿದವರಿಗೆಲ್ಲ ಅದು ನ್ಯೂಸೇ ಅನ್ನಿಸಿರಲಿಲ್ಲ. (ನಮ್ಮ ಫೀಲ್ಡಿನಲ್ಲಿ ಇದು ಮಾಮೂಲು. ದೊಡ್ಡ ಸುದ್ದಿ ನಡೆಯುವ ಜಾಗದಲ್ಲಿ ಕ್ಯಾಮೆರಾ ಇರಲ್ಲ.)

ರಿಸಲ್ಟ್ ಏನಾಯ್ತು? ಕೆಂಪು ವೈನ್‌ಗಳಲ್ಲಿ ಮೊದಲ ಸ್ಥಾನ ಕ್ಯಾಲಿಫೋರ್ನಿಯಾದ ಸ್ಟ್ಯಾಗ್ಸ್ ಲೀಪ್ 1973ಕ್ಕೆ. ಎರಡನೇ ಸ್ಥಾನಕ್ಕೆ ಇಳಿದದ್ದು ಬೋರ್ಡೋದ ಮೂಟೋನ್ ರಾಥ್‌ಶೀಲ್ಡ್ 1970. ಫ್ರೆಂಚರಿಗೆ ಅದು ಮೈಮೇಲೆ ಬಿಸಿನೀರು ಸುರಿದ ಹಾಗಾಯ್ತು. ಆದರೆ ಅವರು ಒಂದು ವಾದ ಮುಂದಿಟ್ಟರು. ನಮ್ಮ ವೈನ್ ಈಗ ಕುಡಿಯೋಕೆ ಅಂತ ಮಾಡಿದ್ದಲ್ಲ ಸ್ವಾಮಿ, ಮಾಗೋಕೆ ಅಂತ ಮಾಡಿದ್ದು. ಇನ್ನೂ ಎಳಸು. ಹತ್ತಿಪ್ಪತ್ತು ವರ್ಷ ಕಾಯಿರಿ, ಆಗ ನೋಡೋಣ ಯಾರು ನಿಲ್ಲುತ್ತಾರೆ ಅಂತ.

ಸರಿ, ಕಾದರು. ಸರಿಯಾಗಿ 30 ವರ್ಷ. 2006ರ ಮೇ 24ಕ್ಕೆ ಅವೇ ವೈನ್‌ಗಳು, ಅವೇ ವರ್ಷದ ಬಾಟಲಿಗಳು, ಲಂಡನ್‌ನಲ್ಲೂ ಕ್ಯಾಲಿಫೋರ್ನಿಯಾದ ನಾಪಾದಲ್ಲೂ ಒಂದೇ ದಿನ ತೆರೆದರು. ಗೆದ್ದದ್ದು ರಿಡ್ಜ್ ಮಾಂಟೆ ಬೆಲ್ಲೊ 1971. ಅದೂ ಕ್ಯಾಲಿಫೋರ್ನಿಯಾದ್ದೇ. ಮೊದಲ ಐದು ಸ್ಥಾನವೂ ಅವರದ್ದೇ. ಕಾದರೆ ನಾವೇ ಗೆಲ್ಲೋದು ಅಂದವರು ಕಾದು ಇನ್ನಷ್ಟು ಸೋತರು.

ಸ್ಪರಿಯರ್ ಹೆಸರು ನೆನಪಿಟ್ಟುಕೊಳ್ಳಿ. ಈ ಮನುಷ್ಯ ನಂದಿ ಬೆಟ್ಟದ ಕಥೆಯಲ್ಲಿ ಮತ್ತೆ ಬರ್ತಾನೆ.

ಅದಕ್ಕೆ ಮುಂಚೆ ಬಾಟಲಿಯೊಳಗೆ ಏನು ನಡೆಯುತ್ತೆ ಅಂತ ತಿಳಿಯಬೇಕು. ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ಈ ಭಾಗ ಬಿಟ್ಟರೆ ನನಗೆ ನಿದ್ದೆ ಬರಲ್ಲ. ವೈನ್ ರುಚಿ ನೋಡುವ ಪುಸ್ತಕಗಳನ್ನು ತೆರೆದರೆ ಕ್ಯಾಬರ್ನೆಯಲ್ಲಿ ಬ್ಲ್ಯಾಕ್‌ಕರಂಟ್ ವಾಸನೆ ಇರುತ್ತೆ ಅಂತ ಬರೆದಿರ್ತಾರೆ. ಚಿಂತಾಮಣಿಯಲ್ಲಿ ಬ್ಲ್ಯಾಕ್‌ಕರಂಟ್ ಹಣ್ಣನ್ನು ಯಾರು ಕಂಡಿದ್ದಾರೆ? ಐಸ್‌ಕ್ರೀಮ್ ಫ್ಲೇವರ್ ಅಂತ ಗೊತ್ತು, ಅಷ್ಟೇ. ನಾನು ಹೇಳೋದಾದರೆ ನೇರಳೆ ಹಣ್ಣು. ಚೆನ್ನಾಗಿ ಕಳಿತ ನೇರಳೆಯನ್ನು ಬಾಯಿಗೆ ಹಾಕಿ, ಸಿಹಿ ಬರುತ್ತೆ, ಹುಳಿ ಬರುತ್ತೆ, ಆಮೇಲೆ ನಾಲಿಗೆಯೂ ಕೆನ್ನೆಯ ಒಳಭಾಗವೂ ಒಣಗಿ ಬಿಗಿದುಕೊಂಡ ಹಾಗಾಗುತ್ತೆ. ಇದನ್ನ ಹೇಳೋಕೆ ಇಂಗ್ಲಿಷಿನವರು ತಡಬಡಾಯಿಸ್ತಾರೆ. ನಮಗೆ ಒಂದೇ ಪದ ಸಾಕು, ಒಗರು. ಆರು ರುಚಿಗಳಲ್ಲಿ ಒಂದು ಅಂತ ಅಜ್ಜಿಯರು ಎಣಿಸಿಟ್ಟ ರುಚಿ ಅದು. ಹಸಿ ಅಡಿಕೆಯಲ್ಲಿ, ಬಾಳೆಹೂವಿನಲ್ಲಿ, ಜಾಸ್ತಿ ಕುದಿಸಿದ ಟೀಯಲ್ಲಿ ಇರೋದು ಅದೇ. ಅದರ ಹಿಂದಿನ ವಸ್ತುವಿಗೆ ಟ್ಯಾನಿನ್ ಅಂತಾರೆ.

ಕ್ಯಾಬರ್ನೆಯ ಹಣ್ಣು ಚಿಕ್ಕದು, ಸಿಪ್ಪೆ ದಪ್ಪ, ತಿರುಳಿಗೆ ಹೋಲಿಸಿದರೆ ಬೀಜದ ಪಾಲು ಜಾಸ್ತಿ. ಟ್ಯಾನಿನ್ ಇರೋದು ಸಿಪ್ಪೆ, ಬೀಜಗಳಲ್ಲೇ. ಹಾಗಾಗಿ ಹೊಸ ಕ್ಯಾಬರ್ನೆ ಬಾಯಿಗಿಟ್ಟರೆ ಒಗರು ಒದ್ದ ಹಾಗೆ ಬರುತ್ತೆ. ಹಣ್ಣು ಸರಿಯಾಗಿ ಮಾಗದೆ ಕಿತ್ತಿದ್ದರೆ ಅದರ ಮೇಲೆ ಹಸಿ ದಪ್ಪಮೆಣಸಿನಕಾಯಿ ವಾಸನೆ ಬೇರೆ. ಬಾಟಲಿಯಲ್ಲಿ ವರ್ಷಗಳು ಕಳೆದ ಹಾಗೆ ಈ ಟ್ಯಾನಿನ್ ಕಣಗಳು ತಮ್ಮ ತಮ್ಮಲ್ಲೇ, ಜೊತೆಗೆ ಬಣ್ಣದ ಕಣಗಳ ಜೊತೆಯೂ ಕೈಕೈ ಹಿಡಿದು ಉದ್ದದ ಸರಪಳಿಗಳಾಗುತ್ತವೆ. ಕೆಲವು ಭಾರವಾಗಿ ಮಡ್ಡಿಯಾಗಿ ತಳಕ್ಕೆ ಕೂರುತ್ತವೆ. ಬಾಯಲ್ಲಿ ಒಗರಿನ ಚೂಪು ಕಡಿಮೆಯಾಗುತ್ತೆ. ನೇರಳೆ ಬಣ್ಣ ಹೋಗಿ ಅಂಚಿನಲ್ಲಿ ಇಟ್ಟಿಗೆ ಬಣ್ಣ ಬರುತ್ತೆ. ತಿಳಿದವರು ಲೋಟವನ್ನು ಬಿಳಿ ಬಟ್ಟೆಯ ಮೇಲೆ ಓರೆ ಮಾಡಿ ಮೊದಲು ಆ ಅಂಚನ್ನೇ ನೋಡೋದು. ಹಣ್ಣಿನ ವಾಸನೆ ಹಿಂದೆ ಸರಿದು ಚರ್ಮ, ಹೊಗೆಸೊಪ್ಪು, ಒಣ ಎಲೆ, ದೇವದಾರು ಪೆಟ್ಟಿಗೆಯ ವಾಸನೆ ಮುಂದೆ ಬರುತ್ತೆ. ಇದಕ್ಕೆ ನಮ್ಮಲ್ಲಿ ಅದ್ಭುತವಾದ ಕ್ರಿಯಾಪದ ಇದೆ: ಮಾಗು. ಒಗರು ಮಾಗುವುದು. ವೈನ್ ಏಜಿಂಗ್ ಅಂದ್ರೆ ಇಷ್ಟೇ.

ಒಂದು ಷರತ್ತಿದೆ, ತಂಪು. ರಾಸಾಯನಿಕ ಕ್ರಿಯೆಗಳ ವೇಗ ಪ್ರತಿ ಹತ್ತು ಡಿಗ್ರಿ ಶಾಖಕ್ಕೆ ಸುಮಾರು ಎರಡು ಪಟ್ಟಾಗುತ್ತೆ ಅನ್ನೋದು ಒಂದು ಅಂದಾಜು ಸೂತ್ರ. ಆಳವಾದ ನೆಲಮಾಳಿಗೆಯ ಉಷ್ಣಾಂಶ ಆ ಊರಿನ ಇಡೀ ವರ್ಷದ ಸರಾಸರಿಯ ಹತ್ತಿರ ಇರುತ್ತೆ. ಬೋರ್ಡೋದಲ್ಲಿ ಅದು ಸುಮಾರು 13 ಡಿಗ್ರಿ. ನಮ್ಮ ಬಯಲುಸೀಮೆಯಲ್ಲಿ ಸುಮಾರು 24. ಕೈಲಾಸಗಿರಿಯ ಗುಹೆಯೊಳಗೆ ನಿಂತಾಗ ನನಗೆ ಇದೇ ಲೆಕ್ಕ ತಲೆಗೆ ಬಂದಿದ್ದು. ದೇವರ ಮುಂದೆ ವೈನ್ ಲೆಕ್ಕ, ಕ್ಷಮೆ ಇರಲಿ! ಹೊರಗಿನ ಬಿಸಿಲಿಗೆ ಹೋಲಿಸಿದರೆ ಒಳಗೆ ಹಾಯ್ ಅನ್ನಿಸುತ್ತೆ, ಆದರೆ ಬೋರ್ಡೋ ಬಾಟಲಿಗೆ ಅದೂ ಬೇಸಿಗೆಯೇ. ಅಲ್ಲಿ ಎರಡು ವರ್ಷದಲ್ಲಿ ಆಗೋದು ಇಲ್ಲಿ ಒಂದೇ ವರ್ಷದಲ್ಲಿ ಆಗುತ್ತೆ, ಅದೂ ಅಷ್ಟು ನಯವಾಗಿ ಅಲ್ಲ. ಇನ್ನು ತಗಡಿನ ಶೀಟಿನ ಕೆಳಗೆ, ಅಂಗಡಿಯ ಟ್ಯೂಬ್‌ಲೈಟ್ ಬೆಳಕಲ್ಲಿ ನಿಲ್ಲಿಸಿಟ್ಟ ಬಾಟಲಿ ಮಾಗೋದಿಲ್ಲ, ಬೇಯುತ್ತೆ. ಬೆಂದ ವೈನನ್ನು ಕುಡಿದು ಇಂಡಿಯಾದ ವೈನ್ ಇಷ್ಟೇ ಅಂದವರು ಎಷ್ಟು ಜನರೋ.

ಇದು ಹೊಸ ಸಮಸ್ಯೆಯೂ ಅಲ್ಲ. 1791ರ ಅಕ್ಟೋಬರ್‌ನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ನಂದಿ ಕೋಟೆ ಹಿಡಿಯಿತಲ್ಲ, ಆ ಕಾಲದ ಬ್ರಿಟಿಷ್ ಅಧಿಕಾರಿಗಳು ಕುಡಿಯುತ್ತಿದ್ದದ್ದು ಕ್ಲಾರೆಟ್, ಅಂದರೆ ಬೋರ್ಡೋದ ಕೆಂಪು ವೈನ್, ಮತ್ತು ಮದೀರಾ. ಕ್ಲಾರೆಟ್‌ಗೆ ಹಡಗಿನ ಸೆಕೆ ಆಗಿಬರುತ್ತಿರಲಿಲ್ಲ. ಮದೀರಾ ಮಾತ್ರ ಉಲ್ಟಾ. ಹಡಗಿನ ತಳದಲ್ಲಿ ಇಂಡಿಯಾ ತನಕ ಹೋಗಿ ಬೆಂದು ಬಂದ ಪೀಪಾಯಿಗೆ ಜಾಸ್ತಿ ಬೆಲೆ ಕೊಡುತ್ತಿದ್ದರು. ನಮ್ಮ ಬಿಸಿಲಿಗೂ ಒಂದು ಕಾಲದಲ್ಲಿ ಮಾರ್ಕೆಟ್ ಇತ್ತು ನೋಡಿ.

ಈಗ ನಂದಿಗೆ ಬರೋಣ. ಮುಂಬೈನ ಉದ್ಯಮಿ ಕನ್ವಲ್ ಗ್ರೋವರ್‌ಗೆ ಫ್ರಾನ್ಸಿನ ಜೊತೆ ವ್ಯವಹಾರ, ಹಾಗೆಯೇ ಅಲ್ಲಿನ ವೈನ್ ಮೇಲೆ ಪ್ರೀತಿ. ಇಂಡಿಯಾದಲ್ಲಿ ಯಾಕಾಗಬಾರದು ಅಂತ ಶಾಂಪೇನ್ ಪ್ರಾಂತ್ಯದ ವೈನ್ ತಜ್ಞ ಜಾರ್ಜ್ ವೆಸೆಲ್ ಅವರನ್ನು ಕರೆತಂದು ದೇಶ ಸುತ್ತಿಸಿದರು. ಮಣ್ಣು ಪರೀಕ್ಷೆ ಮಾಡಿದರು, ಫ್ರಾನ್ಸಿನ ಹತ್ತಾರು ತಳಿ ತಂದು ನೆಟ್ಟು ನೋಡಿದರು. ವರ್ಷಗಟ್ಟಲೆ ಹುಡುಕಾಡಿ ಕೊನೆಗೆ ನಿಂತದ್ದು ದೊಡ್ಡಬಳ್ಳಾಪುರದ ಹತ್ತಿರ, ನಂದಿ ಬೆಟ್ಟದ ತಪ್ಪಲಿನಲ್ಲಿ. ಹಗಲು ಬಿಸಿಲು, ರಾತ್ರಿ ತಂಪು, ನೀರು ನಿಲ್ಲದ ಮಣ್ಣು. 1988ರಲ್ಲಿ ಗ್ರೋವರ್ ವೈನ್‌ಯಾರ್ಡ್ಸ್ ಶುರುವಾಯ್ತು, 1992ರಲ್ಲಿ ಮೊದಲ ವೈನ್ ಬಂತು. ಆಮೇಲೆ ಬೋರ್ಡೋ ಕಡೆಯ ಮಿಶೆಲ್ ರೋಲಾನ್, ಜಗತ್ತಿನ ಅತಿ ಹೆಸರಾಂತ ವೈನ್ ಸಲಹೆಗಾರರಲ್ಲಿ ಒಬ್ಬರು, ಇಲ್ಲಿಗೆ ಬಂದು ಹೋಗತೊಡಗಿದರು. ಕ್ಯಾಬರ್ನೆ ಮತ್ತು ಶಿರಾಜ್ ಬೆರೆಸಿ ಓಕ್ ಪೀಪಾಯಿಯಲ್ಲಿ ಇಟ್ಟು ಮಾಡಿದ ‘ಲಾ ರಿಸರ್ವ್’ ಅವರ ಹೆಸರಿನ ಜೊತೆ ಸೇರಿಕೊಂಡಿತು.

ಹಿಡಿದಿಟ್ಟುಕೊಂಡಿದ್ದೀರಲ್ಲ, ಸ್ಪರಿಯರ್? ಪ್ಯಾರಿಸ್ ಪಂದ್ಯ ನಡೆಸಿದವರು. 2005ರಲ್ಲಿ ಇಂಗ್ಲೆಂಡಿನ ಡಿಕ್ಯಾಂಟರ್ ಪತ್ರಿಕೆಯಲ್ಲಿ ಅದೇ ಸ್ಪರಿಯರ್ ಯುರೋಪಿನಾಚೆಯ ಹೊಸ ನಾಡುಗಳ ಕೆಂಪು ವೈನ್‌ಗಳಲ್ಲಿ ತಮ್ಮ ಮೊದಲ ಆಯ್ಕೆ ಅಂತ ಹೆಸರಿಸಿದ್ದು ಈ ಲಾ ರಿಸರ್ವ್ ಅನ್ನ. ಕ್ಯಾಲಿಫೋರ್ನಿಯಾಕ್ಕೆ ಪಟ್ಟ ಕಟ್ಟಿದ ಮನುಷ್ಯ ಸುಮಾರು ಮೂವತ್ತು ವರ್ಷದ ಮೇಲೆ ನಂದಿ ತಪ್ಪಲಿಗೂ ಶಹಬ್ಬಾಸ್ ಅಂದರು. ಕನ್ನಡದಲ್ಲಿ ಇದು ಎಷ್ಟು ಸುದ್ದಿಯಾಯ್ತು? ನನಗಂತೂ ಕಂಡ ನೆನಪಿಲ್ಲ. 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆ ಆದದ್ದೂ ಅದೇ ವರ್ಷ.

ಆದರೆ ಪಕ್ಕದ ಚಪ್ಪರದ ಬೆಂಗಳೂರು ಬ್ಲೂ ಈ ಕಥೆಯಲ್ಲಿ ಎಲ್ಲಿದೆ? ಇದು ಅಮೆರಿಕದ ಕಾಡುದ್ರಾಕ್ಷಿಯ ರಕ್ತ ಇರುವ ತಳಿ. ಇಸಬೆಲ್ಲಾ ಅಂತ ಹೊರಗೆ ಕರೆಯುವ ತಳಿಯೇ ಇದು ಎಂದು ತೋಟಗಾರಿಕೆಯವರು ಹೇಳ್ತಾರೆ. ಗಟ್ಟಿಮುಟ್ಟು, ರೋಗ ತಡೆಯುತ್ತೆ, ವರ್ಷಕ್ಕೆ ಎರಡು ಬೆಳೆ ಕೊಡುತ್ತೆ. ಬೆಂಗಳೂರಿನ ಹೆಸರಲ್ಲಿ ಜಿಐ ಟ್ಯಾಗ್ ಕೂಡ ಇದೆ. ಆದರೆ ಯುರೋಪಿನವರಿಗೆ ಈ ಜಾತಿಯ ವಾಸನೆ ಆಗಲ್ಲ, ನರಿ ವಾಸನೆ ಅಂತಾರೆ. ಫ್ರಾನ್ಸ್ 1930ರ ದಶಕದಲ್ಲಿ ಕೆಲವು ಅಮೆರಿಕನ್ ಮೂಲದ ತಳಿಗಳನ್ನು ವೈನ್ ವ್ಯಾಪಾರದಿಂದ ಕಾನೂನು ಮಾಡಿ ಹೊರಹಾಕಿತು, ಅದರಲ್ಲಿ ಇಸಬೆಲ್ಲಾ ಕೂಡ ಒಂದು. ತಮಾಷೆ ಅಂದ್ರೆ, 19ನೇ ಶತಮಾನದಲ್ಲಿ ಫಿಲಾಕ್ಸೆರಾ ಹೇನು ಫ್ರಾನ್ಸಿನ ತೋಟಗಳನ್ನು ತಿಂದು ಹಾಕಿದಾಗ ಕ್ಯಾಬರ್ನೆ ಉಳಿದದ್ದೇ ಅಮೆರಿಕದ ಕಾಡುದ್ರಾಕ್ಷಿಯ ಬೇರಿನ ಮೇಲೆ ಕಸಿ ಕಟ್ಟಿದ್ದರಿಂದ. ಬೇರು ಬೇಕು, ಹಣ್ಣು ಬೇಡ!

ಬೆಂಗಳೂರು ಬ್ಲೂನಿಂದ ನಮ್ಮಲ್ಲಿ ಸಿಹಿ ಪೋರ್ಟ್ ವೈನ್ ಮಾಡ್ತಾರೆ, ಜ್ಯೂಸ್ ಮಾಡ್ತಾರೆ. ಅದು ಹತ್ತು ವರ್ಷ ನೆಲಮಾಳಿಗೆಯಲ್ಲಿ ಮಲಗಿಸುವ ಸರಕಲ್ಲ. ನನಗೆ ಆ ಹಣ್ಣು ಇಷ್ಟ, ಕ್ಯಾಬರ್ನೆಯನ್ನು ಬರೀ ಹಣ್ಣಾಗಿ ತಿನ್ನೋದಕ್ಕಿಂತ ಬೆಂಗಳೂರು ಬ್ಲೂ ಸಾವಿರ ಪಾಲು ಮೇಲು ಅಂತ ಯಾವ ಫ್ರೆಂಚರ ಮುಂದೆ ಬೇಕಾದರೂ ಹೇಳ್ತೀನಿ. ಆದರೆ ರೈತನಿಗೆ ಕಾಯುವ ಅವಕಾಶವನ್ನ ಅದು ಕೊಡಲ್ಲ.

ಹಾಗಂತ ನಮಗೆ ಮಾಗಿಸೋದು ಗೊತ್ತೇ ಇರಲಿಲ್ಲ ಅಂತಲ್ಲ. ಆಯುರ್ವೇದದ ಅಂಗಡಿಯಲ್ಲಿ ಸಿಗುವ ದ್ರಾಕ್ಷಾಸವ ಏನು? ದ್ರಾಕ್ಷಿಯನ್ನು ಹುಳಿಹಿಡಿಸಿ ಮಾಡಿದ್ದೇ. ಆಸವ ಹಳೆಯದಾದಷ್ಟೂ ಗುಣ ಹೆಚ್ಚು ಅಂತ ಶಾರ್ಙ್ಗಧರ ಸಂಹಿತೆ ಹೇಳುತ್ತೆ. ಹೊಸ ಮದ್ಯ ಭಾರ, ಹಳೆಯದು ಹಗುರ ಅಂತ ಚರಕ ಸಂಹಿತೆಯಲ್ಲೂ ಇದೆ. ಮನೆಯಲ್ಲೇ ನೋಡಿ, ಹಳೆ ಅಕ್ಕಿ, ಹಳೆ ಹುಣಸೆಹಣ್ಣು ಅಂದ್ರೆ ಬೆಲೆಯೇ ಬೇರೆ.

ಇನ್ನು ನಮ್ಮ ಕೋಲಾರ, ಚಿಂತಾಮಣಿ ಸೀಮೆಯ ಹಗೇವು. ಹೊಸ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಗಟ್ಟಿ ನೆಲದಲ್ಲಿ ಆಳವಾಗಿ ತೋಡಿದ ಗುಂಡಿ, ಬಾಯಿ ಕಿರಿದು, ಒಳಗೆ ಹೊಟ್ಟೆ ಅಗಲ. ಒಳಗೆ ಹುಲ್ಲು ಹೊದಿಸಿ ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳು ಉಸಿರಾಡಿ ಆಮ್ಲಜನಕ ಮುಗಿಸುತ್ತೆ, ಇಂಗಾಲದ ಡೈ ಆಕ್ಸೈಡ್ ತುಂಬಿಕೊಳ್ಳುತ್ತೆ, ಹುಳ ಬದುಕಲ್ಲ. ರಾಗಿ ವರ್ಷಗಟ್ಟಲೆ ಹಾಗೇ ಇರುತ್ತೆ. ತೆಗೆಯುವಾಗ ಮಾತ್ರ ಹುಷಾರು. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ವೈನ್ ಹುದುಗುವ ನೆಲಮಾಳಿಗೆಗಳಲ್ಲಿ ಫ್ರೆಂಚರು ಮೇಣದಬತ್ತಿ ಹಿಡಿದು ಇಳಿಯುತ್ತಿದ್ದದ್ದೂ ಇದೇ ಕಾರಣಕ್ಕೆ, ಇದೇ ಅನಿಲಕ್ಕೆ. 1876-78ರ ದೊಡ್ಡ ಬರದಲ್ಲಿ ಮೈಸೂರು ಸಂಸ್ಥಾನದ ಐದರಲ್ಲಿ ಒಂದು ಪಾಲಿನಷ್ಟು ಜನ ಹೋದರು. ಅಂಥಾ ಬರ ಕಂಡ ಸೀಮೆಯಲ್ಲಿ ಹಗೇವು ಅಂದ್ರೆ ಬ್ಯಾಂಕು, ಇನ್ಶೂರೆನ್ಸು, ಮರ್ಯಾದೆ ಎಲ್ಲಾ.

ಅಂಬಾಜಿದುರ್ಗದ ಕೆಳಗಿನ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿಯನ್ನ ಕೇಳಿದೆ, ನಿಮ್ಮಲ್ಲಿ ಹಗೇವು ಇತ್ತಾ ಅಂತ. ಸಿಮೆಂಟ್ ರಸ್ತೆ ತೋರಿಸಿದರು, ಅದರ ಕೆಳಗೆ ಹೋಯ್ತು ಅಂತ. ಮಾತಿಗೆ ಮಾತು ಬಂದು ನಾನು ಈ ಕ್ಯಾಬರ್ನೆ ಪುರಾಣ ಬಿಚ್ಚಿದೆ. ಎಲ್ಲಾ ಕೇಳಿ ಅವರು ಒಂದೇ ಪ್ರಶ್ನೆ ಕೇಳಿದರು: “ಹತ್ತು ವರ್ಷ ಮಡಗಿದ್ರೂ ಕೆಡಲ್ವಾ? ಸರಿಯಪ್ಪಾ, ಅಲ್ಲೀಗಂಟ ಬಡ್ಡಿ ಯಾರು ಕಟ್ಟೋರು?”

ಪ್ಯಾನೆಲ್ ಡಿಸ್ಕಷನ್‌ಗೆ ಎಷ್ಟೋ ಎಕ್ಸ್‌ಪರ್ಟ್‌ಗಳನ್ನ ಕರೆಸಿದ್ದೀನಿ. ಇಷ್ಟು ನೇರವಾಗಿ ವಿಷಯಕ್ಕೆ ಬಂದವರು ಕಡಿಮೆ.

ಬಡ್ಡಿ ಯಾರು ಕಟ್ಟಿದರು ಅನ್ನೋದೇ ಬೋರ್ಡೋದ ಇತಿಹಾಸ. ಅಲ್ಲಿ ಶತಮಾನಗಳ ಕಾಲ ತೋಟದವನು ಕಾಯಲಿಲ್ಲ. ಷಾರ್ತ್ರೋನ್ ಅನ್ನೋ ಬಂದರು ಬೀದಿಯ ವರ್ತಕರು, ಡಚ್ಚರು, ಇಂಗ್ಲಿಷರು, ಐರಿಷರು, ಹೊಸ ವೈನ್ ಕೊಂಡು ತಮ್ಮ ಮಳಿಗೆಗಳಲ್ಲಿ 225 ಲೀಟರ್ ಪೀಪಾಯಿಗಳಲ್ಲಿ ಮಾಗಿಸಿ ಮಾರುತ್ತಿದ್ದರು. 1855ರಲ್ಲಿ ಬೋರ್ಡೋದ ತೋಟಗಳಿಗೆ ರ್‍ಯಾಂಕ್ ಕೊಟ್ಟಾಗ ಅದಕ್ಕೆ ಆಧಾರ ಆದದ್ದೂ ಮಾರುಕಟ್ಟೆಯಲ್ಲಿ ಆ ವೈನ್‌ಗಳಿಗೆ ಸಿಗುತ್ತಿದ್ದ ಬೆಲೆಯೇ. 1924ರಲ್ಲಿ ಮೂಟೋನ್‌ನ ಫಿಲಿಪ್ ದ ರಾಥ್‌ಶೀಲ್ಡ್ ಇಡೀ ಬೆಳೆಯನ್ನ ನಾನೇ ಬಾಟಲಿಗೆ ತುಂಬ್ತೀನಿ ಅಂತ ನಿಂತರು. ಆದರೂ ದುಡ್ಡಿನ ಹರಿವು ಹಾಗೇ ಇದೆ. ಈಗಲೂ ದೊಡ್ಡ ತೋಟಗಳ ವೈನ್ ಪೀಪಾಯಿಯಲ್ಲಿರುವಾಗಲೇ ಮಾರಾಟ ಆಗುತ್ತೆ. ಕೊಳ್ಳುವವನು ಇವತ್ತು ದುಡ್ಡು ಕೊಡ್ತಾನೆ, ಬಾಟಲಿ ಅವನ ಕೈಗೆ ಬರೋದು ಸುಮಾರು ಎರಡು ವರ್ಷದ ಮೇಲೆ. ಕಾಯುವ ಖರ್ಚು ಗಿರಾಕಿಯದ್ದು. ನಮ್ಮಲ್ಲೂ ಅಡ್ವಾನ್ಸ್ ಇದೆ, ಇಲ್ಲ ಅಂತಲ್ಲ. ಮಂಡಿಯವನು ಕೊಟ್ಟ ಅಡ್ವಾನ್ಸ್ ರೈತನನ್ನ ಕಾಯಿಸಲ್ಲ, ಅವನಿಗೇ ಮಾರಬೇಕು ಅಂತ ಕಟ್ಟಿಹಾಕುತ್ತೆ.

ನಮ್ಮ ರಾಜ್ಯದಲ್ಲೇ ಇನ್ನೊಂದು ಉದಾಹರಣೆ ಇದೆ. ವಿಜಯಪುರ ಕಡೆ ಬೀಜವಿಲ್ಲದ ಥಾಮ್ಸನ್ ದ್ರಾಕ್ಷಿ. ಹಸಿ ಹಣ್ಣಿಗೆ ರೇಟು ಬಿದ್ದರೆ ಒಣದ್ರಾಕ್ಷಿ ಮಾಡಿ ಕೋಲ್ಡ್ ಸ್ಟೋರೇಜಿಗೆ ಹಾಕ್ತಾರೆ, ತಿಂಗಳುಗಟ್ಟಲೆ ಬೆಲೆಗೆ ಕಾಯ್ತಾರೆ. ಬಾಡಿಗೆ ಇದೆ, ಬಡ್ಡಿ ಇದೆ, ಆದರೂ ಒಂದು ದಾರಿ. ಬೀಜ ಇರುವ, ದಪ್ಪ ಸಿಪ್ಪೆಯ, ರಸ ತುಂಬಿದ ಬೆಂಗಳೂರು ಬ್ಲೂ ಒಣಗಿಸಿದರೆ ಯಾರು ತಿಂತಾರೆ? ರಾಗಿ ಇಟ್ಟವನಿಗೆ ಅಡಮಾನ ಸಾಲ ಸಿಗುತ್ತೆ. ಕೊಳೆಯುವ ಹಣ್ಣನ್ನು ಯಾವ ಉಗ್ರಾಣ ಅಡ ಇಟ್ಟುಕೊಳ್ಳುತ್ತೆ? ಅದೇ ಹಣ್ಣು ರಸವಾಗಿ, ವೈನಾಗಿ ಟ್ಯಾಂಕಿಗೆ ಇಳಿದರೆ ಮಾತ್ರ ಕೆಡದ ಸರಕಾಗುತ್ತೆ. ಆದರೆ ಟ್ಯಾಂಕು ರೈತನದ್ದಲ್ಲ.

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಆಯ್ತು. ದ್ರಾಕ್ಷಿ ಕೊಯ್ಲಿನ ಕಾಲ. ಮಾರ್ಕೆಟ್ ಮುಚ್ಚಿತು, ಹಣ್ಣಿನ ಅಂಗಡಿಗಳು ಮುಚ್ಚಿದವು, ಕಾರ್ಖಾನೆಗಳು ನಿಂತವು. ಚಿಕ್ಕಬಳ್ಳಾಪುರ ಸೀಮೆಯ ಚಪ್ಪರಗಳಲ್ಲಿ ಹಣ್ಣು ಬಳ್ಳಿಯಲ್ಲೇ ಕಪ್ಪಾಗಿ, ಸುಕ್ಕಾಗಿ ಉದುರಿತು. ಕಿತ್ತವರು ತಿಪ್ಪೆಗೆ ಸುರಿದರು. ಅದೇ ಹೊತ್ತಿಗೆ ನಂದಿ ತಪ್ಪಲಿನ ನೆಲಮಾಳಿಗೆಗಳಲ್ಲಿ ಕ್ಯಾಬರ್ನೆ ತುಂಬಿದ ಪೀಪಾಯಿಗಳು ತಮ್ಮ ಪಾಡಿಗೆ ತಾವು ಮಾಗುತ್ತಾ ಇದ್ದವು. ಅವಕ್ಕೆ ಲಾಕ್‌ಡೌನ್ ಅಂದ್ರೆ ಏನೂ ಅಲ್ಲ, ಇನ್ನೊಂದೆರಡು ತಿಂಗಳು ಅಷ್ಟೇ.

ತಿಪ್ಪೆಗೆ ಬಿದ್ದ ದ್ರಾಕ್ಷಿಯ ದೃಶ್ಯ ನಮ್ಮ ಚಾನೆಲ್‌ಗೂ ಬಂತು. ಓದಿದ್ದು ನಾನೇ. ಒಟ್ಟು ನಲವತ್ತು ಸೆಕೆಂಡ್. ಆಮೇಲೆ ಬ್ರೇಕ್ ತಗೊಂಡ್ವಿ.